ಮೊದಲು ಏನಾಯ್ತು?

2025ರ ಜೂನ್ ಕೊನೆ, ಜುಲೈ ಶುರುವಿನಲ್ಲಿ ಅಮ್ಮ ದಿನಕ್ಕೆ ಮೂರು ಸಲ ಫೋನ್ ಮಾಡುತ್ತಿದ್ದಳು. ಬೆಳಿಗ್ಗೆ ಕಾಫಿ ಹೊತ್ತಿಗೆ ಒಂದು, ಟಿವಿ ನ್ಯೂಸ್ ಮುಗಿದ ಮೇಲೆ ಒಂದು, ರಾತ್ರಿ ಮಲಗೋ ಮುಂಚೆ ಒಂದು. ಮೂರು ಸಲವೂ ವಿಷಯ ಒಂದೇ. "ಇವತ್ತು ಇನ್ನೊಬ್ಬ ಹುಡುಗ ಹೋದನಂತೆ ಕಣೇ. ಕೂತಲ್ಲೇ ಹೋದನಂತೆ." ನಮ್ಮದು ಹಾಸನ ಜಿಲ್ಲೆ, ಅರಸೀಕೆರೆ ಕಡೆ. ಆ ದಿನಗಳಲ್ಲಿ ಹಾಸನ ಅಂದರೆ ಹಾರ್ಟ್ ಅಟ್ಯಾಕ್ ಅನ್ನೋ ಹಾಗಾಗಿತ್ತು. ನಲವತ್ತು ದಿನದಲ್ಲಿ ಇಪ್ಪತ್ತಕ್ಕೂ ಜಾಸ್ತಿ ಜನ ಹೃದಯಾಘಾತದಿಂದ ಹೋಗಿದ್ದಾರೆ ಅಂತ ಸುದ್ದಿ. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದಲೇ ಕ್ಯೂ. ಕೋವಿಡ್ ಲಸಿಕೆಯಿಂದ ಅಂತ ಕೆಲವರು, ನೀರಿನಿಂದ ಅಂತ ಇನ್ನು ಕೆಲವರು. ನನ್ನ ಆಫೀಸಿನಲ್ಲಿ ಊರು ಯಾವುದು ಅಂತ ಗೊತ್ತಿದ್ದವರೆಲ್ಲ ನನ್ನನ್ನು ಒಂಥರಾ ಕನಿಕರದಿಂದ ನೋಡುತ್ತಿದ್ದರು.

ನಮ್ಮನೆಯವರೂ ಹೋಗಿ ಒಂದು ಇಸಿಜಿ ಮಾಡಿಸಿಕೊಂಡು ಬಂದರು. ನಾರ್ಮಲ್ ಬಂತು. ಆ ಖುಷಿಗೆ ಪಕ್ಕದ ಹೋಟೆಲಿನಲ್ಲಿ ಎರಡು ಬೆಣ್ಣೆ ಮಸಾಲೆ ಹೊಡೆದು ಮನೆಗೆ ಬಂದರು. (ಮಲಗಿಸಿ ತೆಗೆದ ಇಸಿಜಿ ಆ ಹೊತ್ತಿನ ಹೃದಯದ ಕಥೆ ಹೇಳುತ್ತದೆ, ಮುಂದಿನ ತಿಂಗಳದ್ದಲ್ಲ. ಇದನ್ನು ಅವರಿಗೆ ಹೇಳಿದೆ. ದೋಸೆ ಆಗಲೇ ಒಳಗೆ ಹೋಗಿತ್ತು.) 2021ರ ಅಕ್ಟೋಬರ್ 29ಕ್ಕೆ ಪುನೀತ್ ಹೋದಾಗಲೂ ಹೀಗೇ ಆಗಿತ್ತಲ್ವಾ. ವಾರಗಟ್ಟಲೆ ಬೆಂಗಳೂರಿನ ಜಯದೇವದಲ್ಲಿ ಕಾಲಿಡಲು ಜಾಗ ಇರಲಿಲ್ಲ. ಆಮೇಲೆ ನಿಧಾನವಾಗಿ ಎಲ್ಲರೂ ಅವರವರ ಬದುಕಿಗೆ ವಾಪಸ್ಸಾದರು. ಆ ಭಯದಿಂದ ಒಂದು ಒಳ್ಳೆಯದೂ ಆಯಿತು ಅನ್ನಬೇಕು. ಪುನೀತ್ ಹೆಸರಲ್ಲೇ ಹೃದಯಜ್ಯೋತಿ ಯೋಜನೆ ಬಂತು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಗೆ ಕಳಿಸಿ ತೋರಿಸಿ, ರಕ್ತದ ಗಡ್ಡೆ ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಅಲ್ಲೇ ಪುಕ್ಕಟೆ ಕೊಡುವ ಏರ್ಪಾಡು.

ನನ್ನನ್ನು ಕೊರೆಯುತ್ತಿದ್ದದ್ದು ಬೇರೆ. ಇಪ್ಪತ್ತು ಚಿಲ್ಲರೆ ಅನ್ನುವುದು ಜಾಸ್ತಿಯೋ ಕಮ್ಮಿಯೋ? ಯಾವ ಚಾನೆಲ್ಲೂ ಅದನ್ನು ಹೇಳುತ್ತಿರಲಿಲ್ಲ. ಇಪ್ಪತ್ತು ಅನ್ನುವ ಸಂಖ್ಯೆಯನ್ನೇ ದಪ್ಪ ಅಕ್ಷರದಲ್ಲಿ ಮತ್ತೆ ಮತ್ತೆ ತೋರಿಸುತ್ತಿದ್ದರು, ಅಷ್ಟೇ.

ದಿನಸಿ ಬಿಲ್ಲಿನ ಹಿಂದೆ ಒಂದು ಲೆಕ್ಕ

ಒಂದು ರಾತ್ರಿ ಅಮ್ಮನ ಮೂರನೇ ಫೋನ್ ಇಟ್ಟ ಮೇಲೆ ದಿನಸಿ ಅಂಗಡಿ ಬಿಲ್ಲಿನ ಹಿಂದೆ ಲೆಕ್ಕ ಹಾಕಿದೆ. 2011ರ ಜನಗಣತಿಯಂತೆ ಹಾಸನ ಜಿಲ್ಲೆಯಲ್ಲಿ ಸುಮಾರು 17.76 ಲಕ್ಷ ಜನ. ಕರ್ನಾಟಕದಲ್ಲಿ ವರ್ಷಕ್ಕೆ ಸಾವಿರ ಜನರಲ್ಲಿ ಆರಕ್ಕಿಂತ ತುಸು ಜಾಸ್ತಿ ಜನ ಸಾಯುತ್ತಾರೆ. ಆರು ಅಂತಲೇ ಹಿಡಿಯೋಣ. ವರ್ಷಕ್ಕೆ ಹತ್ತು ಸಾವಿರದ ಆರುನೂರು ಸಾವು. ಅಂದರೆ ದಿನಕ್ಕೆ ಇಪ್ಪತ್ತೊಂಬತ್ತು. ನಲವತ್ತು ದಿನಕ್ಕೆ ಸಾವಿರದ ನೂರ ಅರವತ್ತರ ಹತ್ತಿರ. ನಮ್ಮ ದೇಶದ ಸಾವುಗಳಲ್ಲಿ ಶೇ. 28ರಷ್ಟು ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಅನ್ನುವುದು 2016ರ ಅಂದಾಜು. ಅದನ್ನೇ ಇಲ್ಲಿಗೆ ಹಚ್ಚಿದರೆ, ನಲವತ್ತು ದಿನದಲ್ಲಿ ಹಾಸನ ಜಿಲ್ಲೆಯೊಂದರಲ್ಲೇ ಹಾರ್ಟು, ಲಕ್ವ ಇವುಗಳಿಂದ ಸಾಯುವವರು ಮುನ್ನೂರಕ್ಕೂ ಜಾಸ್ತಿ.

ಪೆನ್ನು ಕೆಳಗಿಟ್ಟು ಸುಮ್ನೆ ಕೂತೆ. ಇಡೀ ರಾಜ್ಯವೇ ಇಪ್ಪತ್ತು ಚಿಲ್ಲರೆ ಸಾವು ನೋಡಿ ಹೆದರಿತ್ತು. ಏನೂ ವಿಶೇಷ ಇಲ್ಲದ ನಲವತ್ತು ದಿನದಲ್ಲೇ ಮುನ್ನೂರು. ಯಾವ ವರ್ಷದ ಯಾವ ನಲವತ್ತು ದಿನ ತಗೊಂಡರೂ ಹೆಚ್ಚುಕಮ್ಮಿ ಅಷ್ಟೇ. ಅವರ ಮನೆ ಮುಂದೆ ಯಾವ ಕ್ಯಾಮೆರಾನೂ ಹೋಗಿರಲಿಲ್ಲ.

ಈ ಲೆಕ್ಕಕ್ಕೆ ಒಂದು ಮಿತಿ ಇದೆ. ಆ ಇಪ್ಪತ್ತು ಚಿಲ್ಲರೆ ಸಾವುಗಳಲ್ಲಿ ಬಹಳಷ್ಟು ದಿಢೀರ್ ಆದವು. ಅದರಲ್ಲಿ ಸಣ್ಣ ವಯಸ್ಸಿನವರಿದ್ದರು. ಇಪ್ಪತ್ತೈದರ ಮಗನನ್ನು ಕಳಕೊಂಡ ತಾಯಿಗೆ ಹೋಗಿ ಸರಾಸರಿ ಹೇಳುವಷ್ಟು ಕಲ್ಲು ಮನಸ್ಸು ನನಗಿಲ್ಲ. ನನ್ನ ಮುನ್ನೂರರಲ್ಲಿ ಎಂಬತ್ತು ದಾಟಿದವರೂ ಸೇರುತ್ತಾರೆ. ಆದರೆ ಜಯದೇವ ಸಂಸ್ಥೆಯ ಆಗಿನ ನಿರ್ದೇಶಕರು ಡಾ. ಕೆ.ಎಸ್. ರವೀಂದ್ರನಾಥ್ ಅವರ ಸಮಿತಿ ಕೂತು 24 ಸಾವುಗಳನ್ನು ಒಂದೊಂದಾಗಿ ಬಿಡಿಸಿ ನೋಡಿತಲ್ಲ, ಅದರಲ್ಲಿ ನಾಲ್ಕು ಹೃದಯಕ್ಕೆ ಸಂಬಂಧವೇ ಇಲ್ಲದವು ಅಂತ ಗೊತ್ತಾಯಿತು. ಉಳಿದವರಲ್ಲಿ ಸಕ್ಕರೆ ಕಾಯಿಲೆ, ಬಿಪಿ, ಸಿಗರೇಟು, ಮೊದಲೇ ಇದ್ದ ಹೃದಯದ ತೊಂದರೆ, ಇಂಥ ಹಳೆಯ ಕಾರಣಗಳೇ ಕಂಡವು. ನಿಗೂಢ ಅನ್ನುವಂಥದ್ದು ಸಿಗಲಿಲ್ಲ. ಟಿವಿಯವರಿಗೆ ನಿರಾಸೆ ಆಗಿರಬೇಕು. ಆ ಜುಲೈನಲ್ಲೇ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು, ಆಸ್ಪತ್ರೆಯ ಹೊರಗೆ ಆಗುವ ಹಠಾತ್ ಸಾವುಗಳನ್ನು ಇನ್ನು ಮುಂದೆ ಸರ್ಕಾರಕ್ಕೆ ಕಡ್ಡಾಯವಾಗಿ ತಿಳಿಸಬೇಕು, ಮರಣೋತ್ತರ ಪರೀಕ್ಷೆ ಆಗಬೇಕು ಅಂದರು. ನನಗೆ ಇಡೀ ಗಲಾಟೆಯಲ್ಲಿ ಅತಿ ಮುಖ್ಯ ಅನ್ನಿಸಿದ ಸುದ್ದಿ ಅದು. ಪೇಪರಿನಲ್ಲಿ ಅದು ಎಷ್ಟೋ ಸಾಲುಗಳ ಕೆಳಗೆ ಇತ್ತು.

ಯಾಕೆ ಮುಖ್ಯ ಅಂದರೆ, ನಮ್ಮ ಕಡೆ ಒಬ್ಬರು ಏನಾಗಿ ಸತ್ತರು ಅನ್ನುವುದನ್ನು ಯಾರೂ ಸರಿಯಾಗಿ ಕೇಳುವುದೇ ಇಲ್ಲ. ಕೇಳದೇ ಇದ್ದರೆ ತಡೆಯುವುದು ಹೇಗೆ? ಇದು ನನಗೆ ಗೊತ್ತಾಗಿದ್ದು ದೊಡ್ಡಪ್ಪನ ಫಾರಂ ತುಂಬಿಸಿದ ದಿನ.

ನಾಲ್ಕು ಸಾಲಿಗೆ ಒಂದೇ ಗೆರೆ

ದೊಡ್ಡಪ್ಪ ಹೋಗಿದ್ದು 2023ರಲ್ಲಿ, ಮನೆಯಲ್ಲೇ, ಬೆಳಗಿನ ಜಾವ. ಅರವತ್ತೇಳು ವರ್ಷ. ನಮ್ಮನೆಯಲ್ಲಿ ಫಾರಂ, ಅರ್ಜಿ, ಬ್ಯಾಂಕು ಅಂದರೆ ನನ್ನನ್ನೇ ಮುಂದೆ ತಳ್ಳುತ್ತಾರೆ. ತಿಥಿ ಮುಗಿಸಿಕೊಂಡು ಬೆಂಗಳೂರಿಗೆ ಹೊರಡೋ ಮುಂಚೆ ಡೆತ್ ಸರ್ಟಿಫಿಕೇಟ್ ಕೆಲಸ ಮುಗಿಸಿ ಹೋಗು ಅಂದರು. ಅದಿಲ್ಲದೆ ಪೌತಿ ಖಾತೆ ಆಗಲ್ಲ, ದೊಡ್ಡಮ್ಮನ ಪಿಂಚಣಿ ಅರ್ಜಿ ಮುಂದಕ್ಕೆ ಹೋಗಲ್ಲ. ಇಪ್ಪತ್ತೊಂದು ದಿನದೊಳಗೆ ಆದರೆ ದಂಡವೂ ಇಲ್ಲ.

ಅವತ್ತು ಗ್ರಾಮ ಲೆಕ್ಕಿಗರ ಆಫೀಸಿನಲ್ಲಿ ಇದ್ದವರು ಒಬ್ಬರೇ. ಟೇಬಲ್ ಮೇಲೆ ಬೆಳೆ ಸಮೀಕ್ಷೆ ಪೇಪರ್, ಪಕ್ಕದಲ್ಲಿ ಯಾವುದೋ ಯೋಜನೆಯ ಆಧಾರ್ ಜೆರಾಕ್ಸ್ ಕಟ್ಟು, ಬಾಗಿಲಲ್ಲಿ ಪಹಣಿಗೆ ಬಂದ ನಾಲ್ಕು ಜನ. ಪಾಪ, ಅವರನ್ನು ಬೈಯುವುದಕ್ಕೆ ನನಗೆ ಮನಸ್ಸಿಲ್ಲ. ಹೆಸರು, ತಂದೆ ಹೆಸರು, ವಯಸ್ಸು, ಸತ್ತ ಜಾಗ, ಎಲ್ಲ ನೆಟ್ಟಗೆ ಕೇಳಿ ಬರೆದುಕೊಂಡರು. ಕಾರಣದ ಸಾಲು ಬಂದಾಗ ತಲೆ ಎತ್ತದೇ, "ಹಾರ್ಟ್ ಅಟ್ಯಾಕ್ ಅಲ್ವಾ ಮೇಡಂ?" ಅಂದರು. ನಾನು ಬಾಯಿ ತೆರೆಯೋ ಹೊತ್ತಿಗೆ ಬರೆದಾಗಿತ್ತು. ಅದರ ಕೆಳಗೆ ಇನ್ನೂ ನಾಲ್ಕು ಸಾಲು ಇದ್ದವು. ಬೀಡಿ ಸಿಗರೇಟು ಸೇದುವ ಅಭ್ಯಾಸ ಇತ್ತೇ, ಇದ್ದರೆ ಎಷ್ಟು ವರ್ಷ? ತಂಬಾಕು ಅಗಿಯುತ್ತಿದ್ದರೇ, ಎಷ್ಟು ವರ್ಷ? ಅಡಿಕೆ? ಹೆಂಡ? ಸಾವಿನ ವರದಿಯ ಫಾರಂನಲ್ಲಿ ಇಂಥ ಪ್ರಶ್ನೆ ಇರುತ್ತವೆ ಅಂತಲೇ ನನಗೆ ಗೊತ್ತಿರಲಿಲ್ಲ. ಅವರು ಆ ನಾಲ್ಕೂ ಸಾಲಿನ ಮೇಲೆ ಓರೆಯಾಗಿ ಒಂದೇ ಗೆರೆ ಎಳೆದು ಕೆಳಗೆ ನನ್ನ ಸಹಿ ತಗೊಂಡರು.

ದೊಡ್ಡಪ್ಪ ಹದಿನಾರನೇ ವಯಸ್ಸಿನಿಂದ ಬೀಡಿ ಸೇದಿದವರು. ಐವತ್ತು ವರ್ಷ ಅಂತ ಬರೆಯಬೇಕಿತ್ತು. ಸಕ್ಕರೆ ಕಾಯಿಲೆ ಹದಿನೆಂಟು ವರ್ಷದಿಂದ. ಬಿಪಿ ಯಾವಾಗಿನಿಂದ ಅಂತ ಯಾರಿಗೂ ಗೊತ್ತಿಲ್ಲ, ಗೊತ್ತಾಗಿದ್ದು ಮಾತ್ರ ಕಾಲಿನ ಗಾಯ ಒಣಗಲಿಲ್ಲ ಅಂತ ಆಸ್ಪತ್ರೆಗೆ ಹೋದಾಗ. ಕೊನೆಯ ವರ್ಷ ಮುಖ ಕಾಲು ಊದುತ್ತಿತ್ತು. ಕಿಡ್ನಿ ಸೋತಿದೆ ಅಂದಿದ್ದರು. ಇಷ್ಟೂ ಸೇರಿ "ಹಾರ್ಟ್ ಅಟ್ಯಾಕ್" ಅನ್ನುವ ಎರಡು ಪದ ಆಯಿತು. ನಾನೂ ಸಹಿ ಹಾಕಿದೆ. ಬಸ್ಸಿಗೆ ಹೊತ್ತಾಗಿತ್ತು.

ಆಮೇಲೆ ಡಾಕ್ಟರುಗಳು ತುಂಬುವ ಫಾರಂ ಹೇಗಿರುತ್ತದೆ ಅಂತ ಹುಡುಕಿ ನೋಡಿದೆ. ಆಸ್ಪತ್ರೆಯಲ್ಲಿ ಸತ್ತರೆ ನಮೂನೆ 4, ಮನೆಯಲ್ಲಿ ಸತ್ತರೆ ನೋಡುತ್ತಿದ್ದ ಡಾಕ್ಟರು ಕೊಡಬೇಕಾದದ್ದು 4ಎ. ಚೆನ್ನಾಗಿ ಯೋಚನೆ ಮಾಡಿ ಮಾಡಿದ ಫಾರಂ ಅದು. ಮೇಲಿನ ಸಾಲಿನಲ್ಲಿ ಕೊನೆಗೆ ಆಗಿದ್ದು ಏನು ಅಂತ ಬರೆಯಬೇಕು. ಅದರ ಕೆಳಗೆ, ಅದು ಯಾತರಿಂದ ಬಂತು. ಅದರ ಕೆಳಗೆ, ಅದೂ ಯಾತರಿಂದ ಬಂತು. ಬಾವಿಗೆ ಮೆಟ್ಟಿಲು ಇಳಿದ ಹಾಗೆ. ಲೆಕ್ಕಕ್ಕೆ ಹಿಡಿಯುವುದು ತಳದ ಮೆಟ್ಟಿಲನ್ನು. ಹೃದಯ ನಿಂತಿತು ಅಂತೆಲ್ಲ ಬರೆಯಬೇಡಿ, ಸಾವು ಯಾವ ರೀತಿ ಆಯಿತು ಅನ್ನುವುದಲ್ಲ, ಯಾವ ಕಾಯಿಲೆಯಿಂದ ಆಯಿತು ಅನ್ನುವುದು ಬೇಕು ಅಂತ ಅದರಲ್ಲೇ ಅಚ್ಚಾಗಿದೆ. ಸರಿ ತಾನೇ? ಯಾರೇ ಸತ್ತರೂ ಹೃದಯ ನಿಂತೇ ನಿಲ್ಲುತ್ತದೆ. ಆದರೂ ನೋಡಿ, ಆ ಪದವೇ ಎಲ್ಲ ಕಡೆ ಸಿಗುತ್ತದೆ.

ಅದೂ ಡಾಕ್ಟರು ಬರೆದಾಗಿನ ಮಾತು. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸುಮಾರು 81 ಲಕ್ಷ ಸಾವುಗಳಲ್ಲಿ ಡಾಕ್ಟರು ಕಾರಣ ಬರೆದುಕೊಟ್ಟಿದ್ದು ಶೇ. 22.5ಕ್ಕೆ ಮಾತ್ರ. ಐದರಲ್ಲಿ ಒಂದಕ್ಕಿಂತ ಸ್ವಲ್ಪ ಜಾಸ್ತಿ. ಮಿಕ್ಕವರೆಲ್ಲ ನಮ್ಮ ದೊಡ್ಡಪ್ಪನ ಹಾಗೆ.

ಅಜ್ಜಿಯ ಕಥೆ ಬರೆದುಕೊಂಡು ಹೋದವರು

ಹಾಗಿದ್ದರೆ ದೇಶದಲ್ಲಿ ಇಷ್ಟು ಜನ ಇಂಥ ಕಾಯಿಲೆಗೆ ಸತ್ತರು ಅಂತ ಪೇಪರಿನಲ್ಲಿ ಬರುತ್ತಲ್ಲ, ಅದು ಎಲ್ಲಿಂದ ಬರುತ್ತದೆ? ಇದಕ್ಕೆ ಉತ್ತರ ನಮ್ಮನೆ ಜಗಲಿ ಮೇಲೇ ಕೂತಿತ್ತು ಅಂತ ಎಷ್ಟೋ ವರ್ಷದ ಮೇಲೆ ಗೊತ್ತಾಯಿತು.

ಅಜ್ಜಿ ತೀರಿಕೊಂಡಿದ್ದು 2002ರ ಧನುರ್ಮಾಸದ ಚಳಿಯಲ್ಲಿ. ಎರಡು ಮೂರು ತಿಂಗಳು ಕಳೆದ ಮೇಲೆ ಒಬ್ಬರು ಬಂದರು. ಕಂಕುಳಲ್ಲಿ ರೆಕ್ಸಿನ್ ಬ್ಯಾಗು, ಒಳಗೆ ಉದ್ದನೆಯ ಹಾಳೆಗಳು. ನಮ್ಮೂರು ಸರ್ಕಾರದ ಮಾದರಿ ಸಮೀಕ್ಷೆಗೆ (ಕೆಲವು ಊರುಗಳನ್ನು ಮಾತ್ರ ಆರಿಸಿ ದೇಶದ ಲೆಕ್ಕ ಅಂದಾಜು ಮಾಡುವುದು) ಆರಿಸಿದ ಊರುಗಳಲ್ಲಿ ಒಂದಂತೆ. ಆರು ತಿಂಗಳಿಗೊಮ್ಮೆ ಮನೆಮನೆಗೆ ಬಂದು ಯಾರು ಹುಟ್ಟಿದರು, ಯಾರು ಹೋದರು ಅಂತ ಬರೆದುಕೊಳ್ಳುತ್ತಿದ್ದರು. ಅಜ್ಜಿಯ ಹೆಸರಿಗೆ ಬಂದು ಈ ಸಲ ನಿಂತರು. ಅಮ್ಮ ಮಜ್ಜಿಗೆ ತಂದುಕೊಟ್ಟಳು. ನಾನು ಪಿಯುಸಿ ಓದುತ್ತಿದ್ದೆ, ಕಂಬಕ್ಕೆ ಒರಗಿ ಕೂತಿದ್ದೆ.

"ವಯಸ್ಸಾಗಿತ್ತು, ಹೋದರು" ಅಂದಳು ಅಮ್ಮ. ಮುಗೀತು ಅಂದುಕೊಂಡಿದ್ದಳು. ಅವರು ಬಿಡಲಿಲ್ಲ. "ಮೊದಲು ಏನಾಯ್ತು ಹೇಳಿ ತಾಯಿ" ಅಂದರು. ಕೆಮ್ಮು ಇತ್ತಾ? ಎಷ್ಟು ವರ್ಷದಿಂದ? ಕಫ ಬರುತ್ತಿತ್ತಾ? ರಕ್ತ? ಸಾಯಂಕಾಲ ಜ್ವರ? ತೂಕ ಇಳಿದಿತ್ತಾ? ಮೆಟ್ಟಿಲು ಹತ್ತುವಾಗ ಏದುಸಿರಾ, ಸುಮ್ನೆ ಕೂತಾಗಲೂನಾ? ರಾತ್ರಿ ಎದ್ದು ಕೂರುತ್ತಿದ್ದರಾ? ಕಾಲು ಊದಿತ್ತಾ? ಬೀಡಿ ಸೇದುತ್ತಿದ್ದರಾ? ಅಮ್ಮನಿಗೆ ನಗು ಬಂತು. "ಅಯ್ಯೋ, ಬೀಡಿ ಎಲ್ಲಿ ಬಂತು ಸ್ವಾಮಿ. ಒಲೆ ಹೊಗೇನೇ ಅವರಿಗೆ ಬೀಡಿ" ಅಂದಳು. ಆಮೇಲೆ ನಗು ನಿಂತುಹೋಯಿತು. ಅಜ್ಜಿ ಹದಿಮೂರು ವರ್ಷಕ್ಕೆ ಆ ಮನೆಗೆ ಬಂದವಳು. ತೆಂಗಿನ ಗರಿ, ಕುರಂಬಳೆ, ಹಸಿ ಸೌದೆ. ಊದುಕೊಳವೆ ಹಿಡಿದು ಬಗ್ಗಿದರೆ ಅಡಿಗೆಮನೆಯಲ್ಲಿ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಕೊನೆಯ ಹತ್ತು ವರ್ಷ ದಮ್ಮು. ನಮಗೆಲ್ಲ ಅದು ಅಜ್ಜಿಯ ಸದ್ದು. ಕಾಯಿಲೆ ಅಂತ ನಮಗೆ ಯಾರಿಗೂ ಅನ್ನಿಸಿರಲಿಲ್ಲ.

ಆ ಮನುಷ್ಯ ಮುಕ್ಕಾಲು ಗಂಟೆ ಕೂತರು. ಟಿಕ್ ಹಾಕುವುದು ಮುಗಿದ ಮೇಲೆ ಕೊನೆಯ ಹಾಳೆಯಲ್ಲಿ ಕನ್ನಡದಲ್ಲೇ, ಅಮ್ಮ ಹೇಳಿದ ಮಾತುಗಳಲ್ಲೇ, ಅಜ್ಜಿಯ ಕಥೆ ಅರ್ಧ ಪುಟ ಬರೆದುಕೊಂಡರು. ಮಜ್ಜಿಗೆ ಲೋಟ ಬೋರಲು ಹಾಕಿ ಹೊರಟರು.

ಆ ಅರ್ಧ ಪುಟ ಎಲ್ಲಿಗೆ ಹೋಯಿತು ಅಂತ ನನಗೆ ಗೊತ್ತಾಗಲು ಹದಿನೈದು ವರ್ಷ ಬೇಕಾಯಿತು. ದೇಶದ ರಿಜಿಸ್ಟ್ರಾರ್ ಜನರಲ್ ಕಚೇರಿಯೂ ಟೊರಾಂಟೊದಲ್ಲಿರುವ ಪ್ರಭಾತ್ ಝಾ ಅವರ ತಂಡವೂ ಸೇರಿ 1998ರಿಂದ 2014ರವರೆಗೆ ನಡೆಸಿದ ದೊಡ್ಡ ಕೆಲಸ ಅದು. ಹತ್ತು ಲಕ್ಷ ಸಾವುಗಳ ಅಧ್ಯಯನ ಅಂತಲೇ ಹೆಸರು. ಸುಮಾರು 24 ಲಕ್ಷ ಮನೆ, 1.4 ಕೋಟಿ ಜನ. ಸತ್ತವರ ಮನೆಗೆ ಹೋಗಿ, ಹತ್ತಿರದವರ ಬಾಯಿಂದ ಕೇಳಿ, ಆ ಹಾಳೆಯನ್ನು ಇಬ್ಬರು ಡಾಕ್ಟರುಗಳಿಗೆ ಬೇರೆ ಬೇರೆಯಾಗಿ ಕೊಡುತ್ತಿದ್ದರು. ಇಬ್ಬರೂ ಒಂದೇ ಕಾರಣ ಹೇಳಿದರೆ ಸರಿ. ಇಲ್ಲದಿದ್ದರೆ ಇನ್ನೊಮ್ಮೆ ನೋಡಬೇಕು, ಆಗಲೂ ಹೊಂದದಿದ್ದರೆ ಮೂರನೆಯವರು ತೀರ್ಮಾನ ಮಾಡಬೇಕು. ರಕ್ತ ಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ಬರೀ ಮಾತು. ತಪ್ಪುಗಳು ಇರುತ್ತವೆ, ಇಲ್ಲ ಅಂತಲ್ಲ. ಆದರೆ "ವಯಸ್ಸಾಗಿತ್ತು" ಅನ್ನುವುದಕ್ಕಿಂತ ಎಷ್ಟೋ ವಾಸಿ.

ಇದರಿಂದ ಏನಾಯಿತು ಅಂತ ಕೇಳಿದರೆ ನಾನು ಹಾವಿನ ಕಥೆ ಹೇಳುತ್ತೇನೆ. ಸರ್ಕಾರಿ ಆಸ್ಪತ್ರೆಗಳ ಲೆಕ್ಕದಲ್ಲಿ ಹಾವು ಕಚ್ಚಿ ಸಾಯುವವರು ದೇಶದಲ್ಲಿ ವರ್ಷಕ್ಕೆ ಎರಡು ಸಾವಿರವೂ ಇರಲಿಲ್ಲ. ಮನೆಮನೆಗೆ ಹೋಗಿ ಕೇಳಿದಾಗ ಬಂದ ಉತ್ತರ, 2005ರಲ್ಲಿ ಸುಮಾರು 46 ಸಾವಿರ. ಮೂವತ್ತು ಪಟ್ಟಿಗೂ ಜಾಸ್ತಿ! ಸತ್ತವರಲ್ಲಿ ನೂರಕ್ಕೆ 97 ಜನ ಹಳ್ಳಿಯವರು. ಆಸ್ಪತ್ರೆಯಲ್ಲಿ ಪ್ರಾಣ ಬಿಟ್ಟವರು ನೂರಕ್ಕೆ 23 ಮಾತ್ರ. ಉಳಿದವರು ತೋಟದಲ್ಲಿ, ಮನೆಯಲ್ಲಿ, ನಾಟಿ ಔಷಧದವರ ಅಂಗಳದಲ್ಲಿ, ದಾರಿಯಲ್ಲಿ. ಆಸ್ಪತ್ರೆಯ ರಿಜಿಸ್ಟರಿನಲ್ಲಿ ಹೆಸರೇ ಇಲ್ಲದವರು ಲೆಕ್ಕಕ್ಕೆ ಬರುವುದಾದರೂ ಹೇಗೆ? ಅದರಲ್ಲೂ ಕಟ್ಟುಹಾವು ಕಚ್ಚಿದರೆ ನೋವೂ ಇರಲ್ಲ, ಗುರುತೂ ಸರಿಯಾಗಿ ಕಾಣಲ್ಲ. ನೆಲದ ಮೇಲೆ ಮಲಗಿದವರು ರಾತ್ರಿ ಹೊಟ್ಟೆನೋವು ಅಂತ ಎದ್ದು ಬೆಳಗಾಗುವಷ್ಟರಲ್ಲಿ ಮುಗಿದಿರುತ್ತಾರೆ. ನಮ್ಮೂರಿನಲ್ಲಿ ಹಾಗೆ ಹೋದವರ ಕಥೆಗಳು ನನಗೆ ಗೊತ್ತು. ಈಗ ಯೋಚನೆ ಮಾಡಿದರೆ ಮೈ ಜುಂ ಅನ್ನುತ್ತದೆ. ಎಲ್ಲದಕ್ಕೂ ಜನ ಅಂದಿದ್ದು ಹಾರ್ಟ್ ಅಟ್ಯಾಕ್ ಅಂತಲೇ.

2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಮಲೇರಿಯಾ, ಡೆಂಗಿ ಲೆಕ್ಕ ಇಡುವ ಹಾಗೆ ಇದರದ್ದೂ ಇಡಬೇಕು. ಯಾವ ತಾಲ್ಲೂಕಿನಲ್ಲಿ ಎಷ್ಟು ಅಂತ ಗೊತ್ತಾದರೆ ಆ ಆಸ್ಪತ್ರೆಗೆ ಅಷ್ಟು ವಿಷದ ಮದ್ದು ಕಳಿಸಬಹುದು.

(ಲೆಕ್ಕದ ಗೋಳು ನಮ್ಮದು ಮಾತ್ರ ಅಲ್ಲ. ಲಂಡನ್ನಿನಲ್ಲಿ ನಾನೂರು ವರ್ಷದ ಹಿಂದೆ ಪ್ಲೇಗಿನ ಕಾಲದಲ್ಲಿ ಯಾರಾದರೂ ಸತ್ತರೆ ವಯಸ್ಸಾದ ಹೆಂಗಸರನ್ನು ಕಳಿಸುತ್ತಿದ್ದರು. ಹೆಣ ನೋಡಿ ಏನಾಗಿ ಸತ್ತ ಅಂತ ಹೇಳುವುದು ಅವರ ಕೆಲಸ. ಜಾನ್ ಗ್ರಾಂಟ್ ಅನ್ನುವ ಬಟ್ಟೆ ವ್ಯಾಪಾರಿ ವರ್ಷಗಳ ಆ ಪಟ್ಟಿಗಳನ್ನೆಲ್ಲ ಗುಡ್ಡೆ ಹಾಕಿಕೊಂಡು 1662ರಲ್ಲಿ ಲೆಕ್ಕ ಮಾಡಿದ. ಸಾವುಗಳನ್ನು ಹೀಗೆ ಒಟ್ಟಿಗೆ ಇಟ್ಟು ಓದಬಹುದು ಅಂತ ತೋರಿಸಿದವರಲ್ಲಿ ಅವನೇ ಮೊದಲಿಗ. ಅವನಿಗೂ ಒಂದು ಅನುಮಾನ ಇತ್ತು. ಗುಹ್ಯರೋಗದಿಂದ ಸತ್ತವರ ಮನೆಯವರು ಆ ಮುದುಕಿಯರಿಗೆ ಒಂದು ಲೋಟ ಬಿಯರ್ ಕುಡಿಸಿ, ಕೈಗೆ ದುಪ್ಪಟ್ಟು ಕಾಸು ಇಟ್ಟು, ಕ್ಷಯ ಅಂತ ಬರೆಸುತ್ತಾರೆ ಅಂತ. ನಮ್ಮಲ್ಲಿ ವಿಷ ಕುಡಿದವರೆಲ್ಲ "ಹೊಟ್ಟೆನೋವು" ಆಗುವುದಿಲ್ವಾ, ಹಾಗೆ.)

ಉಪ್ಪಿಗಿಂತ ರುಚಿ ಇಲ್ಲ

ಸರಿ, ಲೆಕ್ಕ ಬಂತು ಅಂತಿಟ್ಟುಕೊಳ್ಳಿ. 1990ರಲ್ಲಿ ದೇಶದ ಸಾವುಗಳಲ್ಲಿ ಅಂಟದ ಕಾಯಿಲೆಗಳ ಪಾಲು ಶೇ. 37.9 ಇದ್ದದ್ದು 2016ಕ್ಕೆ ಶೇ. 61.8 ಆಯಿತು. ಹೃದಯ, ಅಜ್ಜಿಗಿದ್ದಂಥ ದಮ್ಮು, ಲಕ್ವ, ಇವೇ ಈಗ ಮುಂದಿನ ಸಾಲಿನಲ್ಲಿವೆ. ಮುಂದೇನು? ಎಲ್ಲರೂ ಜಯದೇವದ ಕ್ಯೂನಲ್ಲಿ ನಿಂತರೆ ಆಗುತ್ತಾ?

ಇಲ್ಲಿ ನನ್ನ ತಲೆ ತಿರುಗಿಸಿದ್ದು ಲಂಡನ್ನಿನ ಡಾಕ್ಟರು ಜೆಫ್ರಿ ರೋಸ್ ಅವರ 1985ರ ಒಂದು ಬರಹ. ಅವರು ಲಂಡನ್ನಿನ ಸರ್ಕಾರಿ ನೌಕರರ ಬಿಪಿಯನ್ನೂ ಕೀನ್ಯಾದ ಅಲೆಮಾರಿಗಳ ಬಿಪಿಯನ್ನೂ ಪಕ್ಕಪಕ್ಕ ಇಟ್ಟರು. ಲಂಡನ್ನಿನವರಲ್ಲಿ ಬಿಪಿ ಇರುವವರು ಜಾಸ್ತಿ ಅಂತ ಹೇಳಿ ಮುಗಿಸಲಿಲ್ಲ. ಇಡೀ ಗುಂಪೇ ಮೇಲಕ್ಕೆ ಸರಿದಿದೆ, ಅಲ್ಲಿ ನಾರ್ಮಲ್ ಅನ್ನಿಸಿಕೊಂಡವರೂ ಸರಿದಿದ್ದಾರೆ ಅಂದರು. ಊರಿಗೆ ಊರೇ ದಿನಕ್ಕೆ ಇಪ್ಪತ್ತು ಸಿಗರೇಟು ಸೇದುತ್ತಿದ್ದರೆ, ಯಾರಿಗೆ ಶ್ವಾಸಕೋಶದ ಕ್ಯಾನ್ಸರ್ ಬಂತು ಅಂತ ಹುಡುಕಿದವರು ಅದನ್ನು ವಂಶದ ಕಾಯಿಲೆ ಅಂತಲೇ ಬರೆಯುತ್ತಿದ್ದರು ಅಂತಲೂ ಹೇಳಿದರು. ಎಲ್ಲರ ಕೈಯಲ್ಲೂ ಇರುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ನಮ್ಮಜ್ಜಿಯ ಹೊಗೆಯ ಹಾಗೆ.

ಅವರ ಇನ್ನೊಂದು ಮಾತು ಇನ್ನೂ ವಿಚಿತ್ರ. ಬಿಪಿ 180 ಇರುವವರಿಗೆ ಅಪಾಯ ಜಾಸ್ತಿ, ನಿಜ. ಆದರೆ ಅಂಥವರು ಊರಿಗೆ ಎಷ್ಟು ಜನ? 135, 145 ಅಂತ ಇರುವವರು ಊರು ತುಂಬ. ಒಬ್ಬೊಬ್ಬರಿಗೂ ಅಪಾಯ ಸಣ್ಣದೇ. ಆದರೆ ಜನ ಜಾಸ್ತಿ ಇರುವುದರಿಂದ ಲಕ್ವ ಹೊಡೆಸಿಕೊಳ್ಳುವವರಲ್ಲಿ ದೊಡ್ಡ ಪಾಲು ಈ ಗುಂಪಿನಿಂದಲೇ ಬರುತ್ತದೆ. ಹಾಗಾಗಿ 180 ಇರುವವರನ್ನು ಹುಡುಕಿ ಮದ್ದು ಕೊಟ್ಟರೆ ಸಾಲದು. ಊರಿಗೆಲ್ಲ ಸ್ವಲ್ಪ ಸ್ವಲ್ಪ ಇಳಿಯಬೇಕು. ಇದರಲ್ಲಿ ಒಂದು ಕಷ್ಟ ಇದೆ, ಅದನ್ನೂ ಅವರೇ ಒಪ್ಪಿಕೊಂಡಿದ್ದರು. ಊರಿಗೆಲ್ಲ ಲಾಭ ಆದರೂ ಒಬ್ಬೊಬ್ಬರಿಗೆ ಅಂತ ನೋಡಿದರೆ ಕಾಣುವಷ್ಟು ಏನೂ ಸಿಗುವುದಿಲ್ಲ. ಯಾರೂ ಬಂದು ನನ್ನ ಪ್ರಾಣ ಉಳಿಸಿದಿರಿ ಅಂತ ಕಾಲಿಗೆ ಬೀಳುವುದಿಲ್ಲ.

ನಮ್ಮನೆ ಕಥೆ ತಗೊಳ್ಳಿ. ದಿನಕ್ಕೆ ಐದು ಗ್ರಾಂಗಿಂತ ಕಮ್ಮಿ ಉಪ್ಪು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದು ಚಮಚ. ನಮ್ಮ ದೇಶದವರು ತಿನ್ನುವುದು ಎಂಟರಿಂದ ಹನ್ನೊಂದು ಗ್ರಾಂ ಅಂತ ಬೇರೆ ಬೇರೆ ಅಧ್ಯಯನಗಳು ಹೇಳುತ್ತವೆ. ನಮ್ಮ ಕಡೆ ಸಾರಿಗೇ ಉಪ್ಸಾರು ಅಂತ ಹೆಸರು. ಮುದ್ದೆಗೆ ಉಪ್ಸಾರು, ಪಕ್ಕಕ್ಕೆ ಉಪ್ಪು ಖಾರ, ಅನ್ನಕ್ಕೆ ಉಪ್ಪಿನಕಾಯಿ, ನೆಂಚಿಕೊಳ್ಳಲು ಹಪ್ಪಳ, ಮಜ್ಜಿಗೆಗೆ ಇನ್ನೊಂದು ಚಿಟಿಕೆ. ಕಮ್ಮಿ ಮಾಡು ಅಂದರೆ ಅಮ್ಮ ಹೇಳುವುದು ಒಂದೇ ಗಾದೆ: ಉಪ್ಪಿಗಿಂತ ರುಚಿ ಇಲ್ಲ, ತಾಯಿಗಿಂತ ಬಂಧು ಇಲ್ಲ. ಎರಡನ್ನೂ ಒಂದೇ ಏಟಿಗೆ ತಲೆ ಮೇಲೆ ಹಾಕಿದ ಮೇಲೆ ನಾನು ಏನು ಹೇಳಲಿ?

ಅದಕ್ಕೇ ನನಗೆ ಚೀನಾದವರು ಮಾಡಿದ್ದು ಇಷ್ಟ ಆಯಿತು. ಉತ್ತರ ಚೀನಾದ 600 ಹಳ್ಳಿ, ಸುಮಾರು 21 ಸಾವಿರ ಜನ, ಹಿಂದೆ ಲಕ್ವ ಹೊಡೆದವರು ಅಥವಾ ಅರವತ್ತು ದಾಟಿದ ಬಿಪಿಯವರು. ಅರ್ಧ ಹಳ್ಳಿಗಳಿಗೆ ಬೇರೆ ಉಪ್ಪು ಕೊಟ್ಟರು. ಅದರಲ್ಲಿ ಮುಕ್ಕಾಲು ಪಾಲು ಮಾಮೂಲಿ ಉಪ್ಪು, ಕಾಲು ಪಾಲು ಪೊಟ್ಯಾಸಿಯಂ ಕ್ಲೋರೈಡ್. ಉಪ್ಪು ಬಿಡಿ ಅಂತ ಯಾರಿಗೂ ಉಪದೇಶ ಮಾಡುತ್ತಾ ಕೂರಲಿಲ್ಲ, ಡಬ್ಬದೊಳಗಿನದ್ದನ್ನು ಬದಲಾಯಿಸಿದರು. ಐದು ವರ್ಷದ ಹತ್ತಿರ ನೋಡಿದಾಗ ಆ ಹಳ್ಳಿಗಳಲ್ಲಿ ಲಕ್ವ ಶೇ. 14 ಕಮ್ಮಿ, ಸಾವು ಶೇ. 12 ಕಮ್ಮಿ. 2021ರಲ್ಲಿ ಈ ಫಲಿತಾಂಶ ಬಂತು. (ಕಿಡ್ನಿ ತೊಂದರೆ ಇರುವವರಿಗೆ, ಕೆಲವು ಬಿಪಿ ಮಾತ್ರೆ ತಗೊಳ್ಳುವವರಿಗೆ ಈ ಉಪ್ಪು ಒಳ್ಳೆಯದಲ್ಲ. ಡಾಕ್ಟರನ್ನು ಕೇಳದೇ ಅಂಗಡಿಗೆ ಓಡಬೇಡಿ.) ನಮಗೂ ಇದು ಹೊಸದೇನಲ್ಲ. ಗಳಗಂಡ ತಡೆಯಲು ಉಪ್ಪಿಗೆ ಅಯೋಡಿನ್ ಹಾಕಿದ್ದು ಇದೇ ದಾರಿ. 1956ರಲ್ಲಿ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಅವರ ತಂಡ ಅದನ್ನು ಶುರು ಮಾಡಿ ತೋರಿಸಿತು. ಇವತ್ತು ಅಮ್ಮ ಅಯೋಡಿನ್ ಅನ್ನುವ ಪದವನ್ನೇ ಯೋಚಿಸದೆ ಅದನ್ನು ತಿನ್ನುತ್ತಾಳೆ.

ಬಿಪಿ ಮಾತ್ರೆಯ ವಿಷಯದಲ್ಲೂ ಹೀಗೇ. 2017ರಲ್ಲಿ ಐದು ರಾಜ್ಯಗಳ ಸುಮಾರು 25 ಜಿಲ್ಲೆಗಳಲ್ಲಿ ಬಿಪಿ ಹತೋಟಿಗೆ ಅಂತ ಒಂದು ಕಾರ್ಯಕ್ರಮ ಶುರುವಾಯಿತು. ಹೊಸ ಔಷಧ ಏನಿಲ್ಲ. ಎಲ್ಲ ಡಾಕ್ಟರೂ ಒಂದೇ ಕ್ರಮದಲ್ಲಿ ಅದೇ ಹಳೆಯ, ಅಗ್ಗದ ಮಾತ್ರೆ ಕೊಡುವುದು. ಒಂದು ಸಲ ಬಂದರೆ ಮೂವತ್ತು ದಿನಕ್ಕೆ ಆಗುವಷ್ಟು ಕೊಡುವುದು. ಆಮೇಲೆ ದೂರದ ಆಸ್ಪತ್ರೆಗೆ ಅಲೆಸದೆ ಹತ್ತಿರದ ಉಪಕೇಂದ್ರದಲ್ಲೇ ಕೊಡುವುದು. ಬಾರದವರಿಗೆ ಫೋನ್ ಮಾಡುವುದು. ಓದಿದರೆ ಆಕಳಿಕೆ ಬರುತ್ತದೆ. ಇದಕ್ಕೆ ಯಾವ ಟಿವಿಯವರು ಬರುತ್ತಾರೆ? ಈಗ ನಮ್ಮ ರಾಜ್ಯದಲ್ಲೂ ಗೃಹ ಆರೋಗ್ಯ ಅಂತ ಮಾಡಿ ಮೂವತ್ತು ದಾಟಿದವರ ಬಿಪಿ, ಶುಗರ್ ಅನ್ನು ಮನೆ ಬಾಗಿಲಲ್ಲೇ ನೋಡುತ್ತಿದ್ದಾರೆ. ಕಾಫಿ ಕುಡಿಸಿ ಬಿಪಿ ನೋಡಿದರೆ ಜಾಸ್ತಿ ಬರುತ್ತೆ ಅಂತ ಅಮ್ಮ ಆಶಾ ಕಾರ್ಯಕರ್ತೆಗೇ ಪಾಠ ಹೇಳಿದ್ದಾಳಂತೆ.

ದೊಡ್ಡಮ್ಮನ ಜಗಲಿ

ಜುಲೈ ಕೊನೆಗೆ ಊರಿಗೆ ಹೋದೆ. ಹಾಸನದ ಗಲಾಟೆ ಅಷ್ಟರಲ್ಲಿ ತಣ್ಣಗಾಗಿತ್ತು. ಕೊಬ್ಬರಿ ರೇಟು ಏರಿದ್ದರಿಂದ ಊರಿನವರ ಬಾಯಲ್ಲಿ ಅದೇ ಮಾತು. ಮಧ್ಯಾಹ್ನ ದೊಡ್ಡಮ್ಮನ ಮನೆಗೆ ಹೋದಾಗ ಅವರು ಜಗಲಿ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ನಾನೂ ಕೂತು ಬಿಡಿಸತೊಡಗಿದೆ. ಸ್ವಲ್ಪ ಹೊತ್ತಾದ ಮೇಲೆ ಕೇಳಿದೆ. "ದೊಡ್ಡಮ್ಮ, ದೊಡ್ಡಪ್ಪನಿಗೆ ಮೊದಲು ಏನಾಯ್ತು?"

ಅವತ್ತಿನ ಬೆಳಗಿನ ಜಾವದ ಕಥೆ ಹೇಳುತ್ತಾರೆ ಅಂದುಕೊಂಡಿದ್ದೆ. ಅವರು ಶುರು ಮಾಡಿದ್ದು ಅಕ್ಕನ ಮದುವೆಯಿಂದ. ಹದಿನಾಲ್ಕು ವರ್ಷದ ಹಿಂದಿನದು. ಸಾಲ ಆಗಿತ್ತಂತೆ. ಆಗಲೇ ತಲೆ ಸುತ್ತು ಬರುತ್ತಿತ್ತಂತೆ. ಶುಗರ್ ಮಾತ್ರೆಗೆ ಆಸ್ಪತ್ರೆಗೆ ಹೋದರೆ ಹತ್ತು ದಿನದ್ದು ಕೊಡುತ್ತಿದ್ದರಂತೆ. ತಿಂಗಳಿಗೆ ಮೂರು ಸಲ ಬಸ್ಸು ಹತ್ತಬೇಕು, ಮೂರು ದಿನದ ಕೆಲಸ ಹೋಗುತ್ತದೆ. "ಅದಕ್ಕೆ ಮಾತ್ರೆನ ಉಗುರಲ್ಲಿ ಅರ್ಧ ಮಾಡ್ಕೊಂಡು ನುಂಗೋರು ಕಣವ್ವ. ಹತ್ತು ದಿನದ್ದು ಇಪ್ಪತ್ತು ದಿನಕ್ಕೆ ಬರೋದು. ನಾನೂ ಒಳ್ಳೇದಾಯ್ತು ಅಂತಿದ್ದೆ." ಆಮೇಲೆ ಕಾಲಿಗೆ ತೋಟದಲ್ಲಿ ಗರಿಯ ಚೂರು ಹೊಕ್ಕಿತು. ಆಗ ಶುರುವಾದ ಬಿಪಿ ಮಾತ್ರೆಗೂ ಅದೇ ಲೆಕ್ಕ. ತಲೆ ಸುತ್ತಿದ ದಿನ ಒಂದು, ಸುತ್ತದಿದ್ದರೆ ಇಲ್ಲ. ಹೇಳುತ್ತಾ ಹೋದರು. ನಾನು ಮೊಬೈಲಿನಲ್ಲಿ ಬರೆದುಕೊಳ್ಳುತ್ತಾ ಹೋದೆ. ಕೈಗೆ ಹುಣಸೆ ಅಂಟಿ ಸ್ಕ್ರೀನ್ ಎಲ್ಲ ಜಿಗುಟು.

ಅರ್ಧ ಗಂಟೆ ಆದ ಮೇಲೆ ದೊಡ್ಡಮ್ಮ ಮಾತು ನಿಲ್ಲಿಸಿ ನನ್ನ ಕೈ ನೋಡಿದರು.

"ಇದನ್ನೆಲ್ಲ ಯಾಕೆ ಬರ್ಕೋತಿದ್ದೀಯವ್ವ? ಆ ಫಾರಂ ಅವತ್ತೇ ಕೊಟ್ಟಾಯ್ತಲ್ಲ."